ಮಾರಾದಲ್ಲಿ ಒಂದು ದಿನ: ಸಿಂಹದ ಹೊತ್ತು, ದನದ ಹೊತ್ತು

ಕೆನ್ಯಾದ ಮಸಾಯಿ ಮಾರಾ ಪ್ಯಾಕೇಜ್ ಯಾರದ್ದೇ ಇರಲಿ, ಒಂದು ದಿನದ ಪಟ್ಟಿ ಹೆಚ್ಚುಕಡಿಮೆ ಹೀಗೇ ಇರುತ್ತದೆ: ಬೆಳಗ್ಗೆ ಸಫಾರಿ, ಊಟವಾದ ಮೇಲೆ ದನಗಾಹಿ ಮಸಾಯಿ ಜನರ ಹಳ್ಳಿ, ಸಂಜೆ ಮತ್ತೆ ಸಫಾರಿ. ಓದಲಿಕ್ಕೆ ಚೆನ್ನಾಗಿದೆ. ಎಡವಟ್ಟು ಏನೆಂದರೆ, ಮಧ್ಯಾಹ್ನ ಎರಡು ಗಂಟೆಗೆ ಮಸಾಯಿ ಹಟ್ಟಿಯಲ್ಲಿ ದನಗಳೇ ಇರುವುದಿಲ್ಲ. ಅವು ಎಲ್ಲೋ ದೂರದಲ್ಲಿ ಮೇಯುತ್ತಿರುತ್ತವೆ, ಕಾಯುವ ಹುಡುಗರೂ ಅವುಗಳ ಹಿಂದೆಯೇ ಇರುತ್ತಾರೆ. ದನಗಾಹಿಗಳ ಊರಿಗೆ ದನವಿಲ್ಲದ ಹೊತ್ತಿನಲ್ಲಿ ಹೋದರೆ ನೋಡಲು ಸಿಗುವುದು ಒಂದು ಕುಣಿತ ಮತ್ತು ಮಣಿಸರದ ಒಂದು ಸಂತೆ ಮಾತ್ರ. ಆಮೇಲೆ "ಎಲ್ಲಾ ನಾಟಕ ಕಣ್ರೀ" ಎಂದು ಬೈದುಕೊಂಡು ಬರುವವರೇ ಹೆಚ್ಚು. ತಪ್ಪು ಹಟ್ಟಿಯದ್ದಲ್ಲ, ಗಡಿಯಾರದ್ದು. ಮಾರಾದಲ್ಲಿ ಸಿಂಹ ಯಾವಾಗ ಏಳಬೇಕು, ದನ ಯಾವಾಗ ಮರಳಬೇಕು ಎನ್ನುವುದನ್ನು ಗೊತ್ತುಮಾಡುವುದು ಬಿಸಿಲು ಮತ್ತು ಹುಲ್ಲು. ನಮ್ಮ ದಿನವನ್ನೂ ಆ ಲೆಕ್ಕಕ್ಕೆ ಹೊಂದಿಸಿಕೊಳ್ಳಬೇಕು.

ಮೊದಲು ಜಾಗದ ಪರಿಚಯ. ಮಸಾಯಿ ಮಾರಾ ರಾಷ್ಟ್ರೀಯ ಮೀಸಲು ಪ್ರದೇಶ ಇರುವುದು ಕೆನ್ಯಾದ ನೈಋತ್ಯ ಮೂಲೆಯ ನರೋಕ್ ಕೌಂಟಿಯಲ್ಲಿ. ವಿಸ್ತಾರ ಸುಮಾರು 1,510 ಚದರ ಕಿಲೋಮೀಟರ್, ನಮ್ಮ ಬಂಡೀಪುರ ರಾಷ್ಟ್ರೀಯ ಉದ್ಯಾನದ ಒಂದೂಮುಕ್ಕಾಲು ಪಟ್ಟು. ದಕ್ಷಿಣಕ್ಕೆ ಅದೇ ಹುಲ್ಲುಗಾವಲು ತಾಂಜಾನಿಯಾದ ಸೆರೆಂಗೆಟಿಯಾಗಿ ಮುಂದುವರಿಯುತ್ತದೆ. ಗಡಿ ಇರುವುದು ನಕ್ಷೆಯಲ್ಲಿ. ಪ್ರಾಣಿಗಳಿಗೆ ಅಡ್ಡ ಬೇಲಿಯಿಲ್ಲ. ಮಸಾಯಿಗಳ ಮಾ ಭಾಷೆಯಲ್ಲಿ "ಮಾರಾ" ಎಂದರೆ ಚುಕ್ಕೆಚುಕ್ಕೆಯಾದದ್ದು. ಎತ್ತರದಲ್ಲಿ ನಿಂತು ನೋಡಿದರೆ ಹೆಸರಿನ ಅರ್ಥ ತಾನಾಗಿ ಹೊಳೆಯುತ್ತದೆ: ಹಳದಿ ಹುಲ್ಲಿನ ಮೇಲೆ ಅಲ್ಲಲ್ಲಿ ಜಾಲಿ, ಕುರುಚಲು ಪೊದೆ, ಮೋಡದ ನೆರಳು.

ಇಡೀ ಪ್ರದೇಶಕ್ಕೆ ಒಂದೇ ಆಡಳಿತ ಎಂದುಕೊಳ್ಳಬಾರದು. ಮಾರಾ ನದಿಯ ಪೂರ್ವದ ಭಾಗವನ್ನು ನರೋಕ್ ಕೌಂಟಿ ಸರ್ಕಾರವೇ ನಡೆಸುತ್ತದೆ. ನದಿಯ ಪಶ್ಚಿಮಕ್ಕಿರುವ ಸುಮಾರು 510 ಚದರ ಕಿಲೋಮೀಟರಿನ ಮಾರಾ ಟ್ರಯಾಂಗಲ್ಲನ್ನು 2001ರಿಂದ ಮಾರಾ ಕನ್ಸರ್ವೆನ್ಸಿ ಎಂಬ ಲಾಭರಹಿತ ಸಂಸ್ಥೆ ನೋಡಿಕೊಳ್ಳುತ್ತಿದೆ. ಉತ್ತರ ಮತ್ತು ಪೂರ್ವದ ಅಂಚಿನಲ್ಲಿ ಮಸಾಯಿ ಕುಟುಂಬಗಳ ಸ್ವಂತ ಜಮೀನಿನ ಮೇಲೆ ನಿಂತ ಕನ್ಸರ್ವೆನ್ಸಿಗಳು, ಅಂದರೆ ಖಾಸಗಿ ವನ್ಯಜೀವಿ ಪ್ರದೇಶಗಳಿವೆ: ಮಾರಾ ನಾರ್ತ್, ನಬೋಯಿಶೊ, ಓಲಾರೆ ಮೊಟೊರೋಗಿ, ಓಲ್ ಕಿನ್ಯೆಯಿ. ಪೂರ್ವದ ಭಾಗ, ಟ್ರಯಾಂಗಲ್, ಕನ್ಸರ್ವೆನ್ಸಿ, ಈ ಮೂರರ ಕಾನೂನು ಬೇರೆಬೇರೆ. ಮೀಸಲು ಪ್ರದೇಶದೊಳಗೆ ರಾತ್ರಿ ಸಫಾರಿಯಿಲ್ಲ, ಕಾಲ್ನಡಿಗೆಯಿಲ್ಲ. ಕನ್ಸರ್ವೆನ್ಸಿಗಳಲ್ಲಿ ಎರಡೂ ಉಂಟು, ಆದರೆ ಅಲ್ಲಿನ ಕ್ಯಾಂಪಿನಲ್ಲೇ ತಂಗಿದವರಿಗೆ ಮಾತ್ರ. ಬುಕ್ ಮಾಡುವಾಗ "ನಮ್ಮ ಕ್ಯಾಂಪ್ ಇರುವುದು ಯಾವ ಭಾಗದಲ್ಲಿ?" ಎಂಬ ಒಂದು ಪ್ರಶ್ನೆ ಕೇಳಿಬಿಟ್ಟರೆ ಅರ್ಧ ಗೊಂದಲ ಅಲ್ಲೇ ಮುಗಿಯುತ್ತದೆ.

ಟಿಕೆಟ್ಟಿನ ಲೆಕ್ಕ

ದಿನವನ್ನು ಹೇಗೆ ಹಂಚಬೇಕು ಎನ್ನುವುದಕ್ಕೆ ಪ್ರವೇಶ ಶುಲ್ಕವೇ ದೊಡ್ಡ ಕಾರಣ. 2024ರ ಜುಲೈನಲ್ಲಿ ಬಂದ ದರದಂತೆ ವಿದೇಶಿ ವಯಸ್ಕರಿಗೆ ಜನವರಿಯಿಂದ ಜೂನ್‌ವರೆಗೆ ದಿನಕ್ಕೆ 100 ಡಾಲರ್, ಜುಲೈಯಿಂದ ಡಿಸೆಂಬರ್‌ವರೆಗೆ 200 ಡಾಲರ್. ಟಿಕೆಟ್ಟಿನ ಆಯಸ್ಸು ಹಿಂದಿನಂತೆ 24 ಗಂಟೆಯಲ್ಲ, ಬೆಳಗ್ಗೆ 6ರಿಂದ ಸಂಜೆ 6ರವರೆಗೆ 12 ಗಂಟೆ ಮಾತ್ರ. ಮೀಸಲು ಪ್ರದೇಶದ ಒಳಗೇ ತಂಗಿದವರು ಕೊನೆಯ ದಿನ ಬೆಳಗ್ಗೆ 10ರೊಳಗೆ ಹೊರಬೀಳಬೇಕು. ತಡವಾದರೆ ಇನ್ನೊಂದು ದಿನದ ಶುಲ್ಕ. ಗೇಟಿನ ಹತ್ತಿರ ಬಂದಾಗ ಚೀತಾ ಕಂಡು ಇಪ್ಪತ್ತು ನಿಮಿಷ ನಿಂತು, ದುಬಾರಿ ತಿಂಗಳಲ್ಲಿ ನಾಲ್ವರು ವಯಸ್ಕರು ಎಂಟುನೂರು ಡಾಲರಿನ ಪೇಚಿಗೆ ಸಿಕ್ಕುವುದು ಹೀಗೆಯೇ. ಪೂರ್ವದ ಟಿಕೆಟ್ಟಿನಲ್ಲಿ ಟ್ರಯಾಂಗಲ್ಲಿಗೆ ದಾಟಬಹುದೇ ಎನ್ನುವುದನ್ನೂ ಗೇಟಿನಲ್ಲೇ ಕೇಳಿಕೊಳ್ಳಿ, ನದಿಯ ಸೇತುವೆಗೆ ಹೋಗಿ ಕೇಳಬೇಡಿ.

ಹೊರಗಿನ ಕ್ಯಾಂಪಿನಲ್ಲಿ ತಂಗಿದವರಿಗೆ ಲೆಕ್ಕ ಸರಳ. ಆರು ಗಂಟೆಗೆ ಸೆಕೆನಾನಿ ಅಥವಾ ತಾಲೆಕ್ ಗೇಟು ತೆರೆಯುವಾಗ ನಿಮ್ಮ ಗಾಡಿ ಸಾಲಿನಲ್ಲಿರಬೇಕು. ತಿಂಡಿ ಕಟ್ಟಿಸಿಕೊಂಡು ಹೊರಡಿ. ಕ್ಯಾಂಪಿನಲ್ಲಿ ಬಿಸಿಬಿಸಿ ತಿಂಡಿ ತಿಂದೇ ಹೊರಡುತ್ತೇವೆ ಎನ್ನುವವರು ದಿನದ ಅತ್ಯುತ್ತಮ ಎರಡು ಗಂಟೆಯನ್ನು ಆಮ್ಲೆಟ್ಟಿಗೆ ಕೊಟ್ಟಂತೆ. ಒಂದು ಗಂಟೆಯ ಹೊತ್ತಿಗೆ ಹೊರಬಂದು, ಊಟ ಮುಗಿಸಿ, ಮಲಗಿ, ನಾಲ್ಕೂವರೆಗೆ ಎದ್ದು ಐದಕ್ಕೆ ಹಟ್ಟಿಗೆ ಹೋಗಿ. ಹಟ್ಟಿಗಳು ಇರುವುದು ಗೇಟಿನ ಹೊರಗೆ, ಅದಕ್ಕೆ ಮೀಸಲು ಪ್ರದೇಶದ ಟಿಕೆಟ್ ಬೇಕಿಲ್ಲ.

ಗಡಿಯಾರದ ಮಾತು ಬಂದಾಗ ಇನ್ನೊಂದು ವಿಷಯ. ಸ್ವಾಹಿಲಿಯಲ್ಲಿ ಗಂಟೆ ಎಣಿಸುವುದು ಸೂರ್ಯೋದಯದಿಂದ. ನಮ್ಮ ಬೆಳಗಿನ ಏಳು ಅವರಿಗೆ "ಸಾ ಮೋಜಾ", ಅಂದರೆ ಒಂದು ಗಂಟೆ. ಸಮಭಾಜಕ ವೃತ್ತದ ಹತ್ತಿರ ವರ್ಷವಿಡೀ ಹಗಲು ರಾತ್ರಿ ಹೆಚ್ಚುಕಡಿಮೆ ಸಮ, ಹಾಗಾಗಿ ಈ ಎಣಿಕೆ ಅಲ್ಲಿಗೆ ಸರಿಹೋಗುತ್ತದೆ. ಪ್ರವಾಸಿಗರೊಂದಿಗೆ ಪಳಗಿದ ಗೈಡುಗಳು ನಮ್ಮ ಗಡಿಯಾರದಲ್ಲೇ ಮಾತಾಡುತ್ತಾರೆ; ಹಳ್ಳಿಯಲ್ಲಿ ಯಾರಾದರೂ "ಹನ್ನೊಂದಕ್ಕೆ ದನ ಬರುತ್ತದೆ" ಎಂದರೆ ಅದು ಸಂಜೆ ಐದು ಎಂದು ತಿಳಿಯಬೇಕು.

ಹೊರಡುವ ಮುನ್ನ

ಕೆನ್ಯಾ 2024ರ ಜನವರಿಯಿಂದ ವೀಸಾ ಕೈಬಿಟ್ಟಿದೆ, ಬದಲಿಗೆ ಇ-ಟಿಎ ಎಂಬ ಆನ್‌ಲೈನ್ ಅನುಮತಿ ತೆಗೆದುಕೊಳ್ಳಬೇಕು. ಭಾರತೀಯರು ನಿಜವಾಗಿ ಸಿಕ್ಕಿಬೀಳುವುದು ಹೋಗುವಾಗಲ್ಲ, ಬರುವಾಗ. ಕೆನ್ಯಾ ಹಳದಿ ಜ್ವರದ ದೇಶಗಳ ಪಟ್ಟಿಯಲ್ಲಿದೆ. ಅಲ್ಲಿಂದ ಮರಳುವವರ ಹತ್ತಿರ ಲಸಿಕೆಯ ಹಳದಿ ಪುಸ್ತಿಕೆ ಇಲ್ಲದಿದ್ದರೆ ಭಾರತದ ವಿಮಾನ ನಿಲ್ದಾಣದಲ್ಲಿ ಆರು ದಿನದವರೆಗೆ ಕ್ವಾರಂಟೈನ್ ಮಾಡುವ ನಿಯಮವಿದೆ. ಪ್ರಮಾಣಪತ್ರ ಚಾಲ್ತಿಗೆ ಬರುವುದು ಚುಚ್ಚುಮದ್ದು ಹಾಕಿಸಿಕೊಂಡ ಹತ್ತು ದಿನದ ನಂತರ, ಆಮೇಲೆ ಆಯುಷ್ಯಪೂರ್ತಿ ನಡೆಯುತ್ತದೆ. ಲಸಿಕೆ ಸಿಗುವುದು ಸರ್ಕಾರ ಗೊತ್ತುಮಾಡಿದ ಕೇಂದ್ರಗಳಲ್ಲಿ ಮಾತ್ರ. ಹಿಂದಿನ ವಾರ ಓಡಾಡಿದರೆ ಆಗುವ ಕೆಲಸವಲ್ಲ. ಮಲೇರಿಯಾ ಮಾತ್ರೆಯ ವಿಷಯವನ್ನೂ ಅದೇ ಭೇಟಿಯಲ್ಲಿ ಡಾಕ್ಟರ ಹತ್ತಿರ ಕೇಳಿಬಿಡಿ.

ಪ್ಲಾಸ್ಟಿಕ್ ಕೈಚೀಲವನ್ನು ಕೆನ್ಯಾ 2017ರಲ್ಲೇ ನಿಷೇಧಿಸಿದೆ. 2020ರಿಂದ ಸಂರಕ್ಷಿತ ಪ್ರದೇಶಗಳಿಗೆ ಒಮ್ಮೆ ಬಳಸಿ ಎಸೆಯುವ ನೀರಿನ ಬಾಟಲಿಯನ್ನೂ ಒಯ್ಯುವಂತಿಲ್ಲ. ಮನೆಯಿಂದ ಚಕ್ಕುಲಿ, ಅವಲಕ್ಕಿ ಒಯ್ಯುವವರು ಬಟ್ಟೆಚೀಲಕ್ಕೋ ಡಬ್ಬಿಗೋ ಹಾಕಿಕೊಳ್ಳಿ. ನೈರೋಬಿಯ ವಿಲ್ಸನ್ ನಿಲ್ದಾಣದಿಂದ ಸಣ್ಣ ವಿಮಾನದಲ್ಲಿ ಹೋಗುವುದಾದರೆ ಸಾಮಾನು ಸಾಮಾನ್ಯವಾಗಿ 15 ಕಿಲೋ ಮಾತ್ರ, ಅದೂ ಮೆತ್ತನೆಯ ಬ್ಯಾಗಿನಲ್ಲಿ. ರಸ್ತೆಯಲ್ಲಾದರೆ ನರೋಕ್ ಪಟ್ಟಣದ ಮೇಲೆ ಐದಾರು ಗಂಟೆಯ ದಾರಿ.

ಗಾಡಿಯ ವಿಷಯದಲ್ಲಿ ಜಿಪುಣತನ ಬೇಡ. ಮಾರಾದ ಬಹಳಷ್ಟು ಕಡೆ ಎರೆಮಣ್ಣು. ಒಂದು ಮಳೆ ಬಿದ್ದರೆ ಏನಾಗುತ್ತದೆಂದು ಗದಗ, ಧಾರವಾಡದ ಕಡೆಯವರಿಗೆ ಹೇಳಿಕೊಡಬೇಕಿಲ್ಲ. ಮಾರ್ಚ್‌ನಿಂದ ಮೇವರೆಗೆ ದೊಡ್ಡ ಮಳೆ, ನವೆಂಬರ್ ಡಿಸೆಂಬರಿನಲ್ಲಿ ಚಿಕ್ಕ ಮಳೆ. ಆ ತಿಂಗಳುಗಳಲ್ಲಿ ಅಗ್ಗಕ್ಕೆ ಸಿಗುವ ಎರಡು ಚಕ್ರದ ಎಳೆತದ ವ್ಯಾನ್ ಹಳ್ಳಕ್ಕಿಳಿದರೆ ಇಡೀ ಬೆಳಗು ಅದನ್ನು ತಳ್ಳುವುದರಲ್ಲೇ ಕಳೆಯುತ್ತದೆ. ನಾಲ್ಕೂ ಚಕ್ರ ಎಳೆಯುವ, ಮೇಲ್ಛಾವಣಿ ಎತ್ತಬಹುದಾದ ಲ್ಯಾಂಡ್ ಕ್ರೂಸರ್ ಸರಿಯಾದ ಆಯ್ಕೆ. ಕಿಟಕಿಗೆ ಒಬ್ಬರಂತೆ ಕೂರುವ ವ್ಯವಸ್ಥೆ ಇದೆಯೇ ಎಂದು ಮೊದಲೇ ಕೇಳಿ. ಜಾಗ ಸಮುದ್ರಮಟ್ಟದಿಂದ 1,500 ಮೀಟರಿಗೂ ಮೇಲಿದೆ. ಬೆಳಗಿನ ಜಾವ ಮಡಿಕೇರಿಯ ಚಳಿ, ಹತ್ತು ಗಂಟೆಗೆ ಬಯಲುಸೀಮೆಯ ಬಿಸಿಲು. ಒಂದರ ಮೇಲೊಂದು ಬಟ್ಟೆ ಹಾಕಿಕೊಂಡು ಹೋಗಿ, ಒಂದೊಂದಾಗಿ ತೆಗೆಯುತ್ತ ಬನ್ನಿ. 8x42 ಅಳತೆಯ ಬೈನಾಕ್ಯುಲರ್ ತಲೆಗೊಂದು ಇರಲಿ. ಮೂವರಿಗೆ ಒಂದಿದ್ದರೆ ಚಿರತೆ ಮರದಿಂದಿಳಿಯುವ ಹೊತ್ತಿಗೆ ಜಗಳ ಗ್ಯಾರಂಟಿ.

ಕಿವಿಯಲ್ಲ, ಕಣ್ಣು

ಕಬಿನಿಯಲ್ಲೋ ಬಂಡೀಪುರದಲ್ಲೋ ಸಫಾರಿ ಮಾಡಿದವರಿಗೆ ಒಂದು ಅಭ್ಯಾಸ ಇರುತ್ತದೆ: ಗಾಡಿ ನಿಲ್ಲಿಸಿ ಕಿವಿಗೊಡುವುದು. ಜಿಂಕೆ ಕೂಗಿತೇ, ಮುಸುವ ಕೆಮ್ಮಿತೇ, ಹುಲಿ ಎಲ್ಲೋ ಹತ್ತಿರವಿದೆ. ಮಾರಾದ ಬಯಲಿನಲ್ಲಿ ಕಿವಿಗೆ ಅಷ್ಟು ಕೆಲಸವಿಲ್ಲ, ಕೆಲಸವೆಲ್ಲ ಕಣ್ಣಿಗೆ. ಅಲ್ಲಿ ಅಪಾಯದ ಸುದ್ದಿ ಕೂಗಿನಲ್ಲಿ ಬರುವುದಕ್ಕಿಂತ ನಿಲುವಿನಲ್ಲಿ ಬರುತ್ತದೆ. ಇದನ್ನು ಕಲಿಯಲು ಒಳ್ಳೆಯ ಮೇಷ್ಟ್ರು ಟೋಪಿ ಎಂಬ ಹುಲ್ಲೆ: ಕೆಂಗಂದು ಮೈ, ತೊಡೆಯ ಮೇಲೆ ನೀಲಿಗಪ್ಪು ಮಚ್ಚೆ. ಅದು ಹುತ್ತದ ಮೇಲೆ ಹತ್ತಿ ಗಂಟೆಗಟ್ಟಲೆ ಕಾವಲು ನಿಲ್ಲುತ್ತದೆ. ಎರಡು ಮೂರು ಟೋಪಿಗಳು ಮೇಯುವುದನ್ನು ಬಿಟ್ಟು ಒಂದೇ ದಿಕ್ಕಿಗೆ ಕಿವಿ ನಿಮಿರಿಸಿ ನೋಡುತ್ತಿದ್ದರೆ, ಆ ನೋಟದ ಗೆರೆ ಹಿಡಿದು ಹುಲ್ಲನ್ನು ಜಾಲಾಡಿ. ಹೆಸರು ಟೋಪಿಯಾದರೂ ಈ ವಿಷಯದಲ್ಲಿ ಅದು ಟೋಪಿ ಹಾಕುವುದು ಕಡಿಮೆ.

ರಣಹದ್ದುಗಳ ಭಾಷೆ ಇನ್ನೂ ಸೂಕ್ಷ್ಮ. ಆಕಾಶದಲ್ಲಿ ಸುತ್ತುವ ಹದ್ದು ಹುಡುಕುತ್ತಿದೆ ಎಂದಷ್ಟೇ ಅರ್ಥ, ಅದರ ಹಿಂದೆ ಹೋಗಿ ಡೀಸೆಲ್ ಸುಡಬೇಡಿ. ಕಾಲು ಕೆಳಗೆ ಬಿಟ್ಟು ಓರೆಯಾಗಿ ಇಳಿಯತೊಡಗಿದರೆ ಹೆಣ ಸಿಕ್ಕಿದೆ. ಬೆಳಗ್ಗೆ ನೆಲ ಕಾಯುವವರೆಗೆ ಬಿಸಿಗಾಳಿ ಏಳುವುದಿಲ್ಲವಾದ್ದರಿಂದ ಈ ಭಾರದ ಹಕ್ಕಿಗಳು ಮೇಲೇರುವುದೇ ತಡವಾಗಿ. ಹಾಗಾಗಿ ಮುಂಜಾನೆ ಒಂದು ಒಣಮರದ ತುಂಬ ಹದ್ದು ಕೂತು, ಒಂದೂ ನೆಲಕ್ಕಿಳಿಯದಿದ್ದರೆ, ಹೆಣದ ಪಕ್ಕ ಇನ್ನೂ ಯಜಮಾನರಿದ್ದಾರೆ ಎಂದು ಊಹಿಸಬಹುದು. ಅದು ಸಿಂಹವೂ ಆಗಿರಬಹುದು, ಕತ್ತೆಕಿರುಬವೂ ಆಗಿರಬಹುದು. ಕತ್ತೆಕಿರುಬ ಎಂದರೆ ಎಂಜಲು ತಿನ್ನುವ ಪ್ರಾಣಿ ಎಂಬ ನಂಬಿಕೆಯನ್ನು ಗೇಟಿನಲ್ಲೇ ಬಿಟ್ಟುಬನ್ನಿ. ಚುಕ್ಕೆಯ ಕತ್ತೆಕಿರುಬ ಹೆಣ್ಣಾಳಿಕೆಯ ದೊಡ್ಡ ಗುಂಪಿನಲ್ಲಿ ಬಾಳುವ ಒಳ್ಳೆಯ ಬೇಟೆಗಾರ. ಅದು ಕೆಡವಿದ್ದನ್ನು ಸಿಂಹ ಬಂದು ಕಸಿದುಕೊಳ್ಳುವುದೂ ಅಲ್ಲಿ ಮಾಮೂಲು.

ಸಿಂಹ ದಿನಕ್ಕೆ ಇಪ್ಪತ್ತು ಗಂಟೆಯವರೆಗೆ ಬಿದ್ದುಕೊಂಡಿರುತ್ತದೆ, ಬೇಟೆ ಬಹುಪಾಲು ರಾತ್ರಿ. ಆರರಿಂದ ಎಂಟೂವರೆ ಒಳಗೆ ಸಿಕ್ಕರೆ ನಡೆಯುವುದು, ಮರಿಗಳ ಆಟ, ರಾತ್ರಿಯ ಬೇಟೆಯ ಉಳಿಕೆ ನೋಡಬಹುದು. ಒಂಬತ್ತರ ಮೇಲೆ ಸಿಗುವುದು ಪೊದೆಯ ನೆರಳಲ್ಲಿ ಒಂದು ಹೊಟ್ಟೆ ಮತ್ತು ನಾಲ್ಕು ಪಾದ. ಚಿರತೆಗೆ ತಾಲೆಕ್‌ನಂಥ ತೊರೆಗಳ ದಂಡೆಯ ದೊಡ್ಡ ಮರಗಳನ್ನು ನೋಡಬೇಕು. ಪ್ರಾಣಿಯನ್ನಲ್ಲ, ಅಡ್ಡಕೊಂಬೆಯಿಂದ ನೇತುಬಿದ್ದ ಬಾಲವನ್ನು ಹುಡುಕಬೇಕು. ಚೀತಾ ಹಾಗಲ್ಲ, ಹಗಲಿನ ಬೇಟೆಗಾರ. ಸಿಂಹಗಳು ಮಲಗಿದ ಮೇಲೆ, ಎಂಟರಿಂದ ಹನ್ನೊಂದರವರೆಗೂ ಹುತ್ತ ಹತ್ತಿ ದೂರ ನೋಡುತ್ತಿರುತ್ತದೆ. ಕನ್ನಡದಲ್ಲಿ ಚಿರತೆ, ಚೀತಾ ಎರಡನ್ನೂ ಕಲಸುವುದು ರೂಢಿಯಾಗಿರುವುದರಿಂದ ಗುರುತು ಹೇಳಿಬಿಡುವುದು ಒಳ್ಳೆಯದು: ಚಿರತೆಯ ಮಚ್ಚೆ ಬಿಡಿಸಿದ ಹೂವಿನಂತೆ, ಚೀತಾದ್ದು ಬೆರಳದ್ದಿ ಒತ್ತಿದಂಥ ಒಂಟಿ ಚುಕ್ಕೆ, ಜೊತೆಗೆ ಕಣ್ಣಿನಿಂದ ಬಾಯಿಯವರೆಗೆ ಕಾಡಿಗೆ ಇಳಿದಂತೆ ಕಪ್ಪು ಗೆರೆ.

ಆನೆಯಲ್ಲೂ ನಮ್ಮವರು ಎಡವುತ್ತಾರೆ. ನಮ್ಮ ಕಾಡಿನಲ್ಲಿ ಉದ್ದ ದಂತ ಕಂಡರೆ ಸಲಗ. ಆಫ್ರಿಕಾದ ಆನೆಗಳಲ್ಲಿ ಹೆಣ್ಣಿಗೂ ದಂತವಿರುವುದು ಸಾಮಾನ್ಯ, ಹಾಗಾಗಿ ದಂತದ ಒಂಟಿ ಆನೆ ಎಂದು ಹತ್ತಿರ ಹೋದರೆ ಪೊದೆಯ ಹಿಂದಿನಿಂದ ಮರಿ ಹೊರಬರಬಹುದು. ತಾಯಿಗೂ ಮರಿಗೂ ನಡುವೆ ಗಾಡಿ ನಿಂತರೆ ಮುಗಿಯಿತು. ಕಿವಿ ಅಗಲಿಸಿ ತಲೆ ಎತ್ತಿ ನಿಂತ ಆನೆ "ಸಾಕು, ಹಿಂದೆ ಹೋಗು" ಎನ್ನುತ್ತಿದೆ. ಘೇಂಡಾಮೃಗಗಳು ಇಲ್ಲಿ ಕೆಲವೇ ಕೆಲವು. ಪೊದೆಯ ಚಿಗುರು ತಿನ್ನುವ, ಕೊಕ್ಕೆಯಂಥ ಮೇಲ್ದುಟಿಯ ಕಪ್ಪು ಘೇಂಡಾಮೃಗ. ಕಂಡರೆ ಫೋಟೊ ತೆಗೆಯಿರಿ, ಜಾಗದ ಗುರುತಿನೊಂದಿಗೆ ಅಂದೇ ಫೇಸ್‌ಬುಕ್ಕಿಗೆ ಹಾಕಬೇಡಿ. ಕೊಂಬಿನ ಕಳ್ಳರಿಗೂ ಫೇಸ್‌ಬುಕ್ ಇದೆ.

ರೇಡಿಯೋ ಎಂಬ ಕಾಯಿಲೆ

ಚಾಲಕರೆಲ್ಲ ರೇಡಿಯೋದಲ್ಲಿ ಮಾತಾಡಿಕೊಳ್ಳುತ್ತಾರೆ. ಸಿಂಬಾ ಎಂದರೆ ಸಿಂಹ, ಚುಯಿ ಚಿರತೆ, ಡುಮಾ ಚೀತಾ, ಫಿಸಿ ಕತ್ತೆಕಿರುಬ, ನ್ಯುಂಬು ವೈಲ್ಡ್‌ಬೀಸ್ಟ್ ಎಂಬ ದನದಂಥ ದೊಡ್ಡ ಹುಲ್ಲೆ. ಸುದ್ದಿ ಬಿದ್ದ ಹತ್ತು ನಿಮಿಷದಲ್ಲಿ ಇಪ್ಪತ್ತು ಗಾಡಿ ಒಂದೇ ಪೊದೆಯನ್ನು ಸುತ್ತುವರಿಯುತ್ತವೆ. ಇದು ನೋಡಲು ಅಸಹ್ಯ ಎನ್ನುವುದಷ್ಟೇ ಆಗಿದ್ದರೆ ಸುಮ್ಮನಿರಬಹುದಿತ್ತು. 2018ರಲ್ಲಿ ಪ್ರಕಟವಾದ ಒಂದು ಅಧ್ಯಯನ ಮಾರಾದ ತಾಯಿ ಚೀತಾಗಳ ಲೆಕ್ಕ ತೆಗೆಯಿತು. ಪ್ರವಾಸಿಗಳು ಕಡಿಮೆ ಇರುವ ಕಡೆ ಒಂದು ಸೂಲಿನಲ್ಲಿ ಸರಾಸರಿ 2.3 ಮರಿ ಬೆಳೆದು ಸ್ವತಂತ್ರವಾಗುತ್ತಿದ್ದವು. ಪ್ರವಾಸಿಗಳ ದಟ್ಟಣೆಯ ಜಾಗದಲ್ಲಿ ಆ ಸಂಖ್ಯೆ 0.2. ಐದು ಸೂಲಿಗೆ ಒಂದೇ ಮರಿ ಎಂದ ಹಾಗಾಯಿತು. ಗಾಡಿಗಳ ಗದ್ದಲಕ್ಕೆ ಬೇಟೆ ಎಚ್ಚೆತ್ತು ಓಡುತ್ತದೆ, ಕೆಡವಿದ್ದನ್ನು ತಾಯಿ ಬಿಟ್ಟುಹೋಗಬೇಕಾಗುತ್ತದೆ, ಗಾಡಿಗಳ ಗುಂಪು ಕಂಡರೆ ಕತ್ತೆಕಿರುಬಕ್ಕೂ "ಅಲ್ಲಿ ಏನೋ ಇದೆ" ಎಂದು ಗೊತ್ತಾಗುತ್ತದೆ. ಕಾರಣಗಳನ್ನು ಊಹಿಸುವುದು ಕಷ್ಟವಲ್ಲ.

ಟ್ರಯಾಂಗಲ್ಲಿನ ನಿಯಮ ಸ್ಪಷ್ಟವಾಗಿದೆ: ಒಂದು ಪ್ರಾಣಿಯ ಹತ್ತಿರ ಒಮ್ಮೆಗೆ ಐದೇ ಗಾಡಿ, ಬೇರೆಯವರು ಕಾಯುತ್ತಿದ್ದರೆ ಹತ್ತು ನಿಮಿಷ, ಕನಿಷ್ಠ 25 ಮೀಟರ್ ದೂರ. ನಿಯಮ ಮುರಿಯುವ ಚಾಲಕ ಬಹುತೇಕ ಮುರಿಯುವುದು ಪ್ರವಾಸಿಯ ಒತ್ತಡಕ್ಕೆ, ಟಿಪ್ಸಿನ ಆಸೆಗೆ. ಆದ್ದರಿಂದ ಮೊದಲ ದಿನ ಗಾಡಿ ಹತ್ತಿದೊಡನೆ ಒಂದು ಮಾತು ಹೇಳಿಬಿಡಿ: "ಎಲ್ಲ ಪ್ರಾಣಿ ತೋರಿಸಲೇಬೇಕು ಅಂತಿಲ್ಲ, ಗುಂಪಿದ್ದರೆ ಬಿಟ್ಟು ಮುಂದೆ ಹೋಗೋಣ." ಆತನ ಮುಖದಲ್ಲಿ ಭಾರ ಇಳಿದದ್ದು ಕಾಣುತ್ತದೆ. ಐದು ದೊಡ್ಡ ಪ್ರಾಣಿಗಳ ಪಟ್ಟಿಯೂ (ಸಿಂಹ, ಚಿರತೆ, ಆನೆ, ಘೇಂಡಾಮೃಗ, ಆಫ್ರಿಕದ ಕಾಡೆಮ್ಮೆ) ನೋಡುವವರು ಮಾಡಿದ್ದಲ್ಲ. ಕಾಲ್ನಡಿಗೆಯಲ್ಲಿ ಬೇಟೆಯಾಡಲು ಯಾವುದು ಅತಿ ಅಪಾಯವೋ ಅದನ್ನು ಬಂದೂಕಿನವರು ಪಟ್ಟಿಮಾಡಿದ್ದು. ಜಿರಾಫೆ ಅದರಲ್ಲಿ ಇಲ್ಲ ಎಂದು ಜಿರಾಫೆಯ ಮುಂದೆ ಗಾಡಿ ನಿಲ್ಲಿಸದೆ ಹೋಗುವವರಿದ್ದಾರೆ!

ನದಿ ದಾಟುವಾಟ

ಜುಲೈಯಿಂದ ದರ ಏರುವುದಕ್ಕೂ ಅಕ್ಟೋಬರಿನವರೆಗೆ ಜನ ನೆರೆಯುವುದಕ್ಕೂ ಕಾರಣ ವೈಲ್ಡ್‌ಬೀಸ್ಟ್ ವಲಸೆ. ಹತ್ತು ಲಕ್ಷಕ್ಕೂ ಮೀರಿದ ವೈಲ್ಡ್‌ಬೀಸ್ಟ್, ಜೊತೆಗೆ ಲಕ್ಷಗಟ್ಟಲೆ ಜೀಬ್ರಾ, ಗಸೆಲ್ ಎಂಬ ಸಣ್ಣ ಹುಲ್ಲೆ ಮಳೆಯ ಹಿಂದೆ ಸೆರೆಂಗೆಟಿಯಿಂದ ಮಾರಾಕ್ಕೆ, ಮತ್ತೆ ಅಲ್ಲಿಗೆ ಸುತ್ತುತ್ತಲೇ ಇರುತ್ತವೆ. ಒಂದೇ ಹುಲ್ಲನ್ನು ಮೂವರು ಪಾಲು ಹಂಚಿಕೊಂಡಂತೆ ಈ ನಡೆ: ಜೀಬ್ರಾ ಮೇಲಿನ ಒರಟು ದಂಟು ಮೇಯುತ್ತದೆ, ವೈಲ್ಡ್‌ಬೀಸ್ಟ್ ಅದರ ಕೆಳಗಿನ ಎಲೆ, ಹಿಂದೆ ಬರುವ ಥಾಮ್ಸನ್ ಗಸೆಲ್ ನೆಲಕ್ಕಂಟಿದ ಹೊಸ ಚಿಗುರು.

ನದಿ ದಾಟುವುದನ್ನು ನೋಡಬೇಕೆಂದರೆ ಒಂದು ದಿನ ಸಾಲದು, ಅದೃಷ್ಟವಿದ್ದರೆ ಮಾತು ಬೇರೆ. ದಂಡೆಗೆ ಬಂದ ಮಂದೆ ಗಂಟೆಗಟ್ಟಲೆ ತಡವರಿಸುತ್ತದೆ, ಅಂಚಿಗಿಳಿದು ಹಿಂದಿರುಗುತ್ತದೆ. ಅದಕ್ಕೆ ನಾಯಕನಿಲ್ಲ, ಹಿಂದಿನವು ನೂಕಿ, ಮುಂದಿನದ್ದೊಂದು ಹಾರಿದರೆ ಉಳಿದವೆಲ್ಲ ಹಾರಿದವು. ಹಾರುವ ಮುನ್ನ ಗಾಡಿಗಳು ದಂಡೆಗೆ ನುಗ್ಗಿ ದಾರಿ ಅಡ್ಡಗಟ್ಟಿದರೆ ಮಂದೆ ತಿರುಗಿಹೋಗುತ್ತದೆ, ಇಲ್ಲವೇ ಕಡಿದಾದ ಕೆಟ್ಟ ಜಾಗದಲ್ಲಿ ಇಳಿಯುತ್ತದೆ. ಒಳ್ಳೆಯ ಚಾಲಕ ದೂರದಲ್ಲೇ ಇಂಜಿನ್ ಆರಿಸಿ, ಮೊದಲ ಸಾಲು ನೀರಿಗಿಳಿದ ಮೇಲೆಯೇ ಹತ್ತಿರ ಹೋಗುತ್ತಾನೆ. ಟಿವಿಯಲ್ಲಿ ನೋಡಿ ಎಲ್ಲ ಸಾವೂ ಮೊಸಳೆಯದ್ದೇ ಎಂದುಕೊಂಡಿರುತ್ತೇವೆ. 2017ರಲ್ಲಿ ಪ್ರಕಟವಾದ ಅಧ್ಯಯನದಂತೆ ಮಾರಾ ನದಿಯಲ್ಲಿ ವರ್ಷಕ್ಕೆ ಸರಾಸರಿ 6,250 ವೈಲ್ಡ್‌ಬೀಸ್ಟ್‌ಗಳು ಮುಳುಗಿಯೇ ಸಾಯುತ್ತವೆ, ಸುಮಾರು 1,100 ಟನ್ ಭಾರ. ಆ ಹೆಣಗಳಲ್ಲಿ ಮೊಸಳೆಯ ಹೊಟ್ಟೆಗೆ ಹೋಗುವುದು ಅತ್ಯಲ್ಪ. ಉಳಿದದ್ದು ಹದ್ದಿಗೆ, ಮೀನಿಗೆ, ನೀರಿಗೆ. ಮೂಳೆ ಪೂರ್ತಿ ಕರಗಲು ಏಳು ವರ್ಷ ಹಿಡಿಯುತ್ತದಂತೆ. ಅಷ್ಟು ಕಾಲವೂ ಅದು ನದಿಗೆ ಹಾಕಿದ ಗೊಬ್ಬರ.

ಹಟ್ಟಿಯ ಹೊತ್ತು

ಈ ಪ್ರಾಣಿಗಳು ಇಲ್ಲಿ ಉಳಿದದ್ದಕ್ಕೂ ದನಗಾಹಿಗಳಿಗೂ ಸಂಬಂಧವಿದೆ. ಮಸಾಯಿಗಳು ಉತ್ತು ಬೇಲಿ ಹಾಕಿದವರಲ್ಲ, ಹುಲ್ಲು ಹುಡುಕಿ ನಡೆದವರು. ಬ್ರಿಟಿಷರು 1904 ಮತ್ತು 1911ರ ಒಪ್ಪಂದಗಳ ಹೆಸರಿನಲ್ಲಿ ಅವರ ಉತ್ತರದ ಒಳ್ಳೆಯ ಹುಲ್ಲುಗಾವಲನ್ನು ಬಿಳಿಯ ರೈತರಿಗಾಗಿ ತೆರವು ಮಾಡಿಸಿ ದಕ್ಷಿಣಕ್ಕೆ ಕಳಿಸಿದರು. ಮಾರಾವನ್ನು 1961ರಲ್ಲಿ ವನ್ಯಧಾಮ, 1974ರಲ್ಲಿ ರಾಷ್ಟ್ರೀಯ ಮೀಸಲು ಎಂದು ಮಾಡಿದ ಮೇಲೆ ಅಲ್ಲೂ ದನ ಮೇಯಿಸುವಂತಿಲ್ಲ. ಈಚೆಗೆ ಸುತ್ತಲಿನ ಸಾಮೂಹಿಕ ಜಮೀನು ಕುಟುಂಬಗಳ ಹೆಸರಿಗೆ ತುಂಡಾಯಿತು. ತುಂಡಾದ ಜಮೀನಿಗೆ ತಂತಿಬೇಲಿ ಬಂದರೆ ವಲಸೆಯ ದಾರಿ ಮುಚ್ಚುತ್ತದೆ. ಕನ್ಸರ್ವೆನ್ಸಿ ಎನ್ನುವುದು ಇದಕ್ಕೆ ಹುಡುಕಿದ ಉಪಾಯ: ಮಾಲೀಕರು ಬೇಲಿ ಹಾಕದೆ ಜಮೀನನ್ನು ಗುತ್ತಿಗೆಗೆ ಕೊಡುತ್ತಾರೆ, ಕ್ಯಾಂಪುಗಳು ತಿಂಗಳ ಬಾಡಿಗೆ ಕಟ್ಟುತ್ತವೆ. ಪತ್ರ ಬಹುಪಾಲು ಗಂಡಸರ ಹೆಸರಿನಲ್ಲಿರುವುದರಿಂದ ಬಾಡಿಗೆಯೂ ಅವರ ಕೈಗೇ ಹೋಗುತ್ತದೆ ಎಂಬುದು ಇದರ ದೊಡ್ಡ ಕೊರತೆ. ಹೆಂಗಸರ ಕೈಗೆ ನೇರ ಕಾಸು ಬರುವ ದಾರಿಗಳಲ್ಲಿ ಮಣಿಸರದ ವ್ಯಾಪಾರವೂ ಒಂದು. ಚೌಕಾಸಿಗೆ ಕೂರುವಾಗ ಇದು ನೆನಪಿರಲಿ.

ಪ್ರವಾಸಿಗಳು "ಮನ್ಯಾಟ" ಎನ್ನುವುದು ಮೂಲದಲ್ಲಿ ಯುವಯೋಧರ ಬಿಡಾರ. ಸಂಸಾರಗಳು ಇರುವ ಹಟ್ಟಿಗೆ ಮಾ ಭಾಷೆಯಲ್ಲಿ "ಎಂಕಾಂಗ್" ಎನ್ನುತ್ತಾರೆ. ಸುತ್ತ ಜಾಲಿಮುಳ್ಳಿನ ದುಂಡು ಬೇಲಿ, ಬೇಲಿಯ ಒಳಗೆ ಅಂಚಿನುದ್ದಕ್ಕೂ ಮನೆಗಳು, ನಟ್ಟನಡುವೆ ದನದ ದೊಡ್ಡಿ. ಚಿತ್ರದುರ್ಗದ ಕಡೆ ಕಾಡುಗೊಲ್ಲರ ಹಟ್ಟಿಯ ಮುಳ್ಳುಬೇಲಿ ನೋಡಿದವರಿಗೆ ಇದರ ತರ್ಕ ಹೇಳಬೇಕಿಲ್ಲ: ರಾತ್ರಿ ಬರುವ ಪ್ರಾಣಿಗೆ ಮೊದಲು ಮುಳ್ಳು, ಆಮೇಲೆ ಮನೆ, ಕೊನೆಗೆ ದನ. ಮನೆ ಕಟ್ಟುವುದು ಹೆಂಗಸರು. ಕೊಂಬೆ ಹೆಣೆದು, ಮಣ್ಣು, ಸಗಣಿ, ಬೂದಿ ಕಲಸಿ ಮೆತ್ತುತ್ತಾರೆ. ಮಳೆಗಾಲದಲ್ಲಿ ಸೋರಿದ ಕಡೆಯೆಲ್ಲ ಮತ್ತೆ ಮತ್ತೆ ಸಾರಿಸುತ್ತಾರೆ. ಎತ್ತರ ಆಳೆತ್ತರಕ್ಕಿಂತ ಕಡಿಮೆ. ಬಾಗಿಲು ನೇರ ಒಳಗೆ ತೆರೆಯುವುದಿಲ್ಲ, ಬಸವನಹುಳದ ಚಿಪ್ಪಿನಂತೆ ಒಂದು ತಿರುವು ತಿರುಗಿ ಬಗ್ಗಿ ಹೋಗಬೇಕು. ಒಳಗೆ ಕತ್ತಲು, ಮುಷ್ಟಿಯಷ್ಟು ಬೆಳಕಿಂಡಿ, ನಡುವೆ ಒಲೆ, ಪಕ್ಕದಲ್ಲಿ ಎಳೆಗರುಗಳಿಗೆ ಮೂಲೆ, ಕೊಂಬೆಯ ಮೇಲೆ ಚರ್ಮ ಹಾಸಿದ ಮಂಚ. ಹೊಗೆಗೆ ಕಣ್ಣುರಿದರೆ ಹೊರಗೆ ಓಡಬೇಡಿ, ಕೆಳಗೆ ಕೂತುಬಿಡಿ. ಹೊಗೆ ಮೇಲಿರುತ್ತದೆ, ಉಸಿರು ಕೆಳಗಿರುತ್ತದೆ.

ಗೌರವದ ವಿಷಯ. ಗಂಡಸರಿಗೆ "ಸೋಪಾ" ಎಂದರೆ "ಇಪಾ" ಎಂದು ಉತ್ತರ. ಹೆಂಗಸರಿಗೆ "ತಕ್ವೆನ್ಯಾ" ಎನ್ನಬೇಕು, ಅವರು "ಇಕೋ" ಎನ್ನುತ್ತಾರೆ. ಮಕ್ಕಳು ನಿಮ್ಮೆದುರು ತಲೆ ಬಗ್ಗಿಸಿ ನಿಂತರೆ ನಾಚಿಕೆಯಲ್ಲ, ಕಾಯುತ್ತಿದ್ದಾರೆ. ಹಿರಿಯರು ನೆತ್ತಿಯ ಮೇಲೆ ಕೈಯಿಟ್ಟು ಮುಟ್ಟುವುದೇ ಅಲ್ಲಿಯ ಆಶೀರ್ವಾದ. ಕ್ಯಾಂಡಿ, ಪೆನ್ನು ಹಂಚಬೇಡಿ, ಅದರಿಂದ ಗಾಡಿಯ ಹಿಂದೆ ಓಡುವ ಚಟ ಹತ್ತುತ್ತದೆ. ನಿಮಗೆ ದನ ಎಷ್ಟಿವೆ ಎಂದು ಕೇಳುವುದು, ನಿಮ್ಮ ಬ್ಯಾಂಕಿನಲ್ಲಿ ಎಷ್ಟಿದೆ ಎಂದು ಕೇಳಿದ ಹಾಗೆ. ಬದಲಿಗೆ ಬಣ್ಣದ ಹೆಸರು ಕೇಳಿ. ದನದ ಮೈಬಣ್ಣ, ಮಚ್ಚೆಗಳಿಗೆ ಮಾ ಭಾಷೆಯಲ್ಲಿ ಲೆಕ್ಕವಿಲ್ಲದಷ್ಟು ಪದಗಳಿವೆ. ಮಂದೆಯಲ್ಲಿ ಕೆಂಗಂದು ಮೈ, ಜೋಲುಗಂಗೆದೊಗಲಿನ ಹಸು ಕಂಡರೆ ಅದರಲ್ಲಿ ಸಾಹಿವಾಲ್ ರಕ್ತವಿರಬಹುದು. ಪಂಜಾಬಿನ ಈ ತಳಿಯನ್ನು ಮಸಾಯಿಗಳು ಹಾಲಿಗೂ ಮಾಂಸಕ್ಕೂ ಮೆಚ್ಚಿ ತಮ್ಮ ಮಂದೆಗೆ ಬೆರೆಸಿಕೊಂಡಿದ್ದಾರೆ.

ಹಾಲಿನ ಪಾತ್ರೆ ಸೋರೆಬುರುಡೆ. ತೊಳೆಯುವುದು ನೀರಿನಿಂದಲ್ಲ: ಕಾಡು ಆಲಿವ್ ಮರದ ಉರಿಯುವ ಕೊಳ್ಳಿಯನ್ನು ಒಳಗೆ ತೂರಿ ತಿಕ್ಕಿ, ಬೂದಿ ಕೊಡವುತ್ತಾರೆ. ಹಾಲಿಗೆ ಹೊಗೆಯ ವಾಸನೆ ಹತ್ತುತ್ತದೆ, ಬೇಗ ಕೆಡುವುದೂ ಇಲ್ಲ. ದನದ ರಕ್ತ ಕುಡಿಯುವ ಮಾತು ಪ್ರತಿ ಪ್ರವಾಸಿಯ ಬಾಯಲ್ಲೂ ಬರುತ್ತದೆ. ಕತ್ತಿನ ನರಕ್ಕೆ ಮೊಂಡು ಬಾಣ ಹೊಡೆದು ತೆಗೆದು, ಗಾಯ ಮುಚ್ಚಿ ದನವನ್ನು ಬಿಡುವುದು ನಿಜ. ಆದರೆ ಅದು ವಿಶೇಷ ಸಂದರ್ಭಕ್ಕೆ. ದಿನದ ಊಟ ಈಗ ಉಗಾಲಿ, ಹಾಲು, ಸಿಹಿ ಚಹಾ. ಉಗಾಲಿ ಎಂದರೆ ಬಿಳಿ ಮೆಕ್ಕೆಜೋಳದ ಹಿಟ್ಟಿನ ಮುದ್ದೆ. ಚಪಾತಿಗೆ ಅಲ್ಲೂ ಚಪಾತಿ ಎಂದೇ ಹೆಸರು.

ಕುಣಿತ "ಅದುಮು" ಎನ್ನಿಸಿಕೊಳ್ಳುತ್ತದೆ. ಒಬ್ಬಿಬ್ಬರು ನಡುವೆ ಬಂದು, ಮೈ ಕಂಬದಂತೆ ನೆಟ್ಟಗಿಟ್ಟು, ಹಿಮ್ಮಡಿ ನೆಲ ಮುಟ್ಟದಂತೆ ಜಿಗಿಯುತ್ತಾರೆ. ಜಿಗಿತ ಏರಿದಂತೆ ಸುತ್ತಲಿನವರ ದನಿಯೂ ಏರುತ್ತದೆ. ಇದರ ಮೂಲ ಎಉನೋಟೊ, ಯೋಧರು ಯೋಧತನ ಕಳಚಿ ಹಿರಿತನಕ್ಕೆ ಕಾಲಿಡುವ ಸಂಸ್ಕಾರ. ಅದೂ ಸೇರಿ ಮಸಾಯಿ ಗಂಡಸರ ಮೂರು ಸಂಸ್ಕಾರಗಳನ್ನು ಯುನೆಸ್ಕೊ 2018ರಲ್ಲಿ ತುರ್ತು ರಕ್ಷಣೆ ಬೇಕಾದ ಪರಂಪರೆಯ ಪಟ್ಟಿಗೆ ಸೇರಿಸಿತು. ನಿಮ್ಮೆದುರು ಆಗುವುದು ಅದರ ತುಣುಕು ಪ್ರದರ್ಶನ, ಅದರಲ್ಲಿ ಮುಚ್ಚುಮರೆಯೇನಿಲ್ಲ.

ದುಡ್ಡಿನ ಮಾತನ್ನು ಒಳಗೆ ಹೋಗುವ ಮೊದಲೇ ಮುಗಿಸಿ. ತಲೆಗೆ 20ರಿಂದ 30 ಡಾಲರ್ ಕೇಳುವುದು ರೂಢಿ. ಅದರಲ್ಲಿ ಫೋಟೊ ಸೇರಿದೆಯೇ, ಮನೆಯೊಳಗೆ ಹೋಗಬಹುದೇ ಎಂದು ಕೇಳಿ. ಹಣವನ್ನು ಚಾಲಕನ ಕೈಗೆ ಕೊಡಬೇಡಿ. ಕಮಿಷನ್ ಮುರಿದುಕೊಂಡು ಹಟ್ಟಿಗೆ ಚಿಲ್ಲರೆ ಕೊಡುವ ಚಾಳಿ ಹಳೆಯದು. ಹಟ್ಟಿಯ ಹಿರಿಯರಿಗೆ ಎಲ್ಲರೆದುರು ಎಣಿಸಿಕೊಡಿ, ಮೊಬೈಲಿನಿಂದ ಹಣ ಕಳಿಸುವ ಎಂ-ಪೆಸಾ ಇದ್ದರೆ ಇನ್ನೂ ಒಳ್ಳೆಯದು. ಸಂತೆಯಲ್ಲಿ ಹಾಸಿದ ಎಲ್ಲವೂ ಹಟ್ಟಿಯದ್ದಲ್ಲ. ಮರದ ಸಿಂಹ, ಮುಖವಾಡಗಳು ಹೊರಗಿಂದ ಬಂದ ಸರಕು. ಕೆಂಪು ಚೌಕುಳಿಯ ಶುಕಾ ಬಟ್ಟೆಯೂ ಕಾರ್ಖಾನೆಯದ್ದೇ, ಅದರಲ್ಲಿ ಮೋಸವಿಲ್ಲ, ಅವರೂ ಕೊಂಡು ಉಡುವುದೇ. ಕೈಕೆಲಸ ಬೇಕಿದ್ದರೆ ಮಣಿಸರ ನೋಡಿ. ಹಿಂಭಾಗ ತಿರುಗಿಸಿ: ದಾರದ ಗಂಟು, ಹೊಲಿಗೆ ಬಿಗಿಯಾಗಿದೆಯೇ, ಮಣಿ ಗಾಜಿನದ್ದೇ ಪ್ಲಾಸ್ಟಿಕ್ಕೇ? ಗಾಜು ತಣ್ಣಗಿರುತ್ತದೆ, ಭಾರವಿರುತ್ತದೆ. "ನೀವೇ ಪೋಣಿಸಿದ್ದಾ?" ಎಂದು ಕೇಳಿ, ಹೌದೆಂದವರ ಹತ್ತಿರವೇ ಕೊಳ್ಳಿ.

ಇಷ್ಟರಲ್ಲಿ ಐದೂವರೆ ದಾಟಿರುತ್ತದೆ. ದೂರದಲ್ಲಿ ಮೊದಲು ಕಾಣುವುದು ಧೂಳು, ಆಮೇಲೆ ಕೊರಳ ಗಂಟೆಯ ಸದ್ದು, ಹಿಂದೆಯೇ ಹಟ್ಟಿಯೊಳಗಿನ ಕರುಗಳ ಕೂಗು. ಬೇಲಿಬಾಯಿಂದ ದೂರ, ಒಂದು ಬದಿಗೆ ನಿಲ್ಲಿ. ಅಪರಿಚಿತರು ಎದುರಿಗಿದ್ದರೆ ದನ ಬೆದರುತ್ತದೆ. ಫ್ಲ್ಯಾಶ್ ಆರಿಸಿ. ಹೆಂಗಸರು ಬುರುಡೆ ಹಿಡಿದು ಬಂದು, ಕರುವಿಗೆ ಒಂದು ಬದಿಯ ಮೊಲೆ ಬಿಟ್ಟು ಇನ್ನೊಂದು ಬದಿಯಲ್ಲಿ ಕರೆಯುತ್ತಾರೆ. ಹುಡುಗರು ಎಣಿಸುವುದಿಲ್ಲ, ಬಣ್ಣ ನೋಡುತ್ತಾರೆ. ಒಂದು ಬಾರದಿದ್ದರೆ ಯಾವುದು ಬಂದಿಲ್ಲ ಎಂದೇ ಹೇಳುತ್ತಾರೆ. ಕೆಲವು ದೊಡ್ಡಿಗಳ ಬೇಲಿಯಲ್ಲಿ ಮಿಣುಕುವ ದೀಪಗಳಿರುತ್ತವೆ. ನೈರೋಬಿ ಹತ್ತಿರದ ಕಿಟೆಂಗೆಲಾದ ರಿಚರ್ಡ್ ಟುರೆರೆ ಎಂಬ ಮಸಾಯಿ ಹುಡುಗ ಹನ್ನೊಂದನೆಯ ವಯಸ್ಸಿನಲ್ಲಿ, ಮನೆಯ ದನಗಳನ್ನು ಉಳಿಸಲು, ಹಳೆಯ ಬ್ಯಾಟರಿಗೆ ಬಲ್ಬುಗಳನ್ನು ಜೋಡಿಸಿ ಮಾಡಿದ ಉಪಾಯ ಅದು. ಯಾರೋ ಟಾರ್ಚ್ ಹಿಡಿದು ಓಡಾಡುತ್ತಿದ್ದಾರೆಂದು ಸಿಂಹ ದೂರ ಉಳಿಯುತ್ತದೆ. ಸಿಂಹ ದನ ಹಿಡಿದರೆ ಸೇಡಿಗೆ ಈಟಿ, ಇಲ್ಲವೇ ಅದು ತಿಂದು ಬಿಟ್ಟ ದನದ ಹೆಣಕ್ಕೆ ವಿಷ. ವಿಷವಾದರೆ ಸಿಂಹದ ಜೊತೆ ಆ ಮರದ ತುಂಬ ಕೂತಿದ್ದ ಹದ್ದುಗಳೂ ಹೋಗುತ್ತವೆ.

ಆರೂವರೆಯ ಹೊತ್ತಿಗೆ ಸೂರ್ಯ ಮುಳುಗುತ್ತದೆ, ಮುಸ್ಸಂಜೆ ಎಳೆಯುವುದಿಲ್ಲ, ಕತ್ತಲು ದಬಕ್ಕನೆ ಬೀಳುತ್ತದೆ. ಕೊನೆಯ ದನ ಒಳಗೆ ಬಂದ ಮೇಲೆ ಒಬ್ಬಾತ ಮುಳ್ಳಿನ ದೊಡ್ಡ ಕೊಂಬೆಯನ್ನು ಬುಡ ಹಿಡಿದು ಎಳೆದು ಬೇಲಿಬಾಯಿ ಮುಚ್ಚುತ್ತಾನೆ. ಅಷ್ಟರೊಳಗೆ ನೀವು ಹೊರಗಿರಬೇಕು, ಗಾಡಿಯೊಳಗೆ.